ಹಗೇವಿನ ಜೋಳ

ಮಲಪ್ರಭೆಯ ಬಯಲಿನ ಹಳ್ಳಿಗಳಲ್ಲಿ ಹಿಂದೆ ಒಂದು ರೂಢಿಯಿತ್ತು. ಸುಗ್ಗಿ ಮುಗಿದ ಮೇಲೆ ರೈತನು ಬಿಳಿಜೋಳದ ಒಂದು ಪಾಲನ್ನು ನೆಲದೊಳಗಿನ ಹಗೇವಿನಲ್ಲಿ ತುಂಬಿ, ಅದರ ಬಾಯಿಗೆ ಕಲ್ಲು ಮುಚ್ಚಿ, ಮೇಲೆ ಮಣ್ಣು ಮೆತ್ತುತ್ತಿದ್ದನು. ಮಳೆ ಕೈಕೊಡುವ ವರ್ಷಕ್ಕೆಂದು ಕಾದಿಟ್ಟ ಕಾಳು ಅದು. ರಾಮದುರ್ಗ ತಾಲ್ಲೂಕಿನ ಸುರೇಬಾನದಂಥ ಊರುಗಳ ಹಿರಿಯರಿಗೆ ಇದು ಹೊಸ ಮಾತಲ್ಲ. ಹಗೇವನ್ನು ತೆರೆಯುವ ಪ್ರಸಂಗ ಬಾರದೆ ವರ್ಷ ಕಳೆದರೆ ರೈತನು ಅದನ್ನು ನಷ್ಟವೆಂದು ಎಣಿಸುತ್ತಿರಲಿಲ್ಲ, ಭಾಗ್ಯವೆಂದೇ ಎಣಿಸುತ್ತಿದ್ದನು. ಇಂದು ವೈದ್ಯವಿಜ್ಞಾನದ ಒಂದು ದೊಡ್ಡ ಸಮಸ್ಯೆಗೆ ಬೇಕಾಗಿರುವುದು ಇದೇ ವಿವೇಕ. ಆ ಸಮಸ್ಯೆಯೆಂದರೆ, ಔಷಧಗಳಿಗೆ ಮಣಿಯದ ಬ್ಯಾಕ್ಟೀರಿಯಾಗಳದು.

1928ರಲ್ಲಿ ಲಂಡನ್ನಿನ ಸೇಂಟ್ ಮೇರಿ ಆಸ್ಪತ್ರೆಯಲ್ಲಿ ಅಲೆಕ್ಸಾಂಡರ್ ಫ್ಲೆಮಿಂಗನು ಒಂದು ಬಗೆಯ ಬೂಷ್ಟಿನ ಸುತ್ತ ಬ್ಯಾಕ್ಟೀರಿಯಾಗಳು ನಾಶವಾಗಿರುವುದನ್ನು ಕಂಡನು. ಅದರಿಂದ ಪೆನಿಸಿಲಿನ್ ದೊರೆಯಿತು. ಫ್ಲೋರಿ ಮತ್ತು ಚೈನ್ ಎಂಬ ವಿಜ್ಞಾನಿಗಳು ಅದನ್ನು ಔಷಧದ ರೂಪಕ್ಕೆ ತಂದರು. 1945ರಲ್ಲಿ ಮೂವರಿಗೂ ನೊಬೆಲ್ ಪಾರಿತೋಷಕ ಸಂದಿತು. ಮುಳ್ಳು ಚುಚ್ಚಿದ ಗಾಯ ನಂಜೇರಿ ಸಾಯುತ್ತಿದ್ದವರು, ಬಾಣಂತಿತನದ ಜ್ವರಕ್ಕೆ ಬಲಿಯಾಗುತ್ತಿದ್ದ ತಾಯಂದಿರು, ನ್ಯುಮೋನಿಯಾದಿಂದ ಕಣ್ಣು ಮುಚ್ಚುತ್ತಿದ್ದ ಹಸುಳೆಗಳು ಬದುಕುಳಿಯತೊಡಗಿದರು. ಆಂಟಿಬಯಾಟಿಕ್ ಅಥವಾ ಪ್ರತಿಜೈವಿಕ ಎಂಬ ಹೆಸರು ಮನೆಮಾತಾಯಿತು. ಆದರೆ ಅದೇ 1945ರಲ್ಲಿ, ಪಾರಿತೋಷಕ ಸ್ವೀಕರಿಸಿದ ಸಂದರ್ಭದ ಉಪನ್ಯಾಸದಲ್ಲಿಯೇ, ಫ್ಲೆಮಿಂಗನು ಒಂದು ಎಚ್ಚರಿಕೆಯನ್ನೂ ನುಡಿದನು. ಸಾಲದಷ್ಟು ಪ್ರಮಾಣದಲ್ಲಿ ಔಷಧ ಸೇವಿಸಿದರೆ ಬ್ಯಾಕ್ಟೀರಿಯಾಗಳು ಸಾಯುವ ಬದಲು ಅದನ್ನು ಎದುರಿಸಲು ಕಲಿಯುತ್ತವೆ ಎಂಬುದು ಆ ಮಾತಿನ ಸಾರ. ಜಗತ್ತು ಔಷಧವನ್ನು ಸ್ವೀಕರಿಸಿತು, ಎಚ್ಚರಿಕೆಯನ್ನು ಮರೆಯಿತು.

ಬ್ಯಾಕ್ಟೀರಿಯಾಗಳ ಶಕ್ತಿ ಅವುಗಳ ಸಂಖ್ಯೆಯಲ್ಲಿದೆ. ಕೆಲವು ಜಾತಿಯವು ಅನುಕೂಲ ಸ್ಥಿತಿಯಲ್ಲಿ 20 ನಿಮಿಷಕ್ಕೊಮ್ಮೆ ಒಂದು ಎರಡಾಗುತ್ತವೆ. ಈ ಲೆಕ್ಕ ತಪ್ಪದೆ ನಡೆದರೆ 10 ಗಂಟೆಗಳಲ್ಲಿ ಒಂದೇ ಜೀವಿಯ ಸಂತತಿ 100 ಕೋಟಿಯನ್ನು ಮೀರುತ್ತದೆ. ಅಷ್ಟು ದೊಡ್ಡ ಸಂತತಿಯಲ್ಲಿ ಆಕಸ್ಮಿಕವಾಗಿ ಸ್ವಲ್ಪ ಭಿನ್ನವಾದ ಕೆಲವು ಹುಟ್ಟುವುದು ಸಹಜ. ಔಷಧವು ಉಳಿದವನ್ನೆಲ್ಲ ಕೊಂದಾಗ ಈ ಕೆಲವೇ ಉಳಿದು ಬೆಳೆಯುತ್ತವೆ. ಅವುಗಳಲ್ಲಿ ಕೆಲವು ಔಷಧವನ್ನು ತುಂಡರಿಸುವ ಕಿಣ್ವವನ್ನು ತಯಾರಿಸುತ್ತವೆ. ಕೆಲವು ಒಳಹೊಕ್ಕ ಔಷಧವನ್ನು ಪಂಪಿನಂತೆ ಹೊರಕ್ಕೆ ನೂಕುತ್ತವೆ. ಇನ್ನು ಕೆಲವು ಔಷಧವು ಹಿಡಿಯಬೇಕಾದ ಭಾಗದ ಆಕಾರವನ್ನೇ ಬದಲಿಸಿಕೊಳ್ಳುತ್ತವೆ. ಇಷ್ಟೇ ಅಲ್ಲ, ಈ ವಿದ್ಯೆಯನ್ನು ಒಂದು ಬ್ಯಾಕ್ಟೀರಿಯಾ ನೆರೆಯ ಮತ್ತೊಂದಕ್ಕೆ ದಾಟಿಸಲೂ ಬಲ್ಲದು. 2019ನೆಯ ಒಂದೇ ವರ್ಷದಲ್ಲಿ ಔಷಧಗಳಿಗೆ ಮಣಿಯದ ಬ್ಯಾಕ್ಟೀರಿಯಾಗಳ ನೇರ ಕಾರಣದಿಂದ ಜಗತ್ತಿನಲ್ಲಿ ಸುಮಾರು 12 ಲಕ್ಷ 70 ಸಾವಿರ ಜನರು ಮಡಿದರೆಂದು ವಿಜ್ಞಾನಿಗಳು ಅಂದಾಜು ಮಾಡಿದ್ದಾರೆ.

ಹಾಗಾದರೆ ಹೊಸ ಔಷಧಗಳನ್ನು ನಿರ್ಮಿಸಬೇಕಷ್ಟೆ ಎಂದು ಯಾರಾದರೂ ಹೇಳಬಹುದು. ಆ ಕಾರ್ಯ ಕರ್ನಾಟಕದಲ್ಲಿಯೇ ನಡೆಯುತ್ತಿದೆ. ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಜಯಂತ ಹಲ್ದಾರ್ ಮತ್ತು ಅವರ ಸಂಗಡಿಗರು ವ್ಯಾಂಕೋಮೈಸಿನ್ ಎಂಬ ಹಳೆಯ ಔಷಧದ ಅಣುವಿಗೆ ಹೊಸ ಭಾಗಗಳನ್ನು ಜೋಡಿಸಿ, ಅದಕ್ಕೆ ಮಣಿಯದ ಬ್ಯಾಕ್ಟೀರಿಯಾಗಳನ್ನೂ ಕೊಲ್ಲುವಂತೆ ಮಾಡಲು ಶ್ರಮಿಸಿದ್ದಾರೆ. 2014ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಬಗ್‌ವರ್ಕ್ಸ್ ಎಂಬ ಸಂಸ್ಥೆಯವರದು ಇನ್ನೊಂದು ಮಾರ್ಗ. ಬ್ಯಾಕ್ಟೀರಿಯಾದ ಪಂಪಿಗೆ ಸುಲಭವಾಗಿ ಸಿಗದ, ಅದರ ಡಿ.ಎನ್.ಎ.ಯನ್ನು ನಿರ್ವಹಿಸುವ ಎರಡು ಕಿಣ್ವಗಳನ್ನು ಒಮ್ಮೆಗೇ ತಡೆಯುವ ಅಣುವನ್ನು ಅವರು ರೂಪಿಸಿದ್ದಾರೆ. ಒಂದು ಬೀಗವನ್ನು ಮುರಿದ ಕಳ್ಳನು ಎರಡನೆಯ ಬೀಗದ ಮುಂದೆ ನಿಲ್ಲಲೇಬೇಕೆಂಬುದು ಇದರ ತರ್ಕ. ಆದರೆ ಪ್ರಯೋಗಾಲಯದಲ್ಲಿ ಗೆದ್ದ ಅಣು ರೋಗಿಯ ಹಾಸಿಗೆಯ ಬಳಿ ಬರಲು ಹತ್ತಾರು ವರ್ಷಗಳೇ ಹಿಡಿಯಬಹುದು. ಅದು ಮನುಷ್ಯನಿಗೆ ವಿಷವಾಗದೆ ಬ್ಯಾಕ್ಟೀರಿಯಾಕ್ಕೆ ಮಾತ್ರ ವಿಷವಾಗಬೇಕು. ಈ ಪರೀಕ್ಷೆಗಳಲ್ಲಿ ಸೋಲುವ ಅಣುಗಳೇ ಹೆಚ್ಚು.

ವಿಜ್ಞಾನದ ತೊಡಕಿಗಿಂತ ದೊಡ್ಡ ತೊಡಕು ವ್ಯಾಪಾರದಲ್ಲಿದೆ. ಮಧುಮೇಹದ ಗುಳಿಗೆಯನ್ನು ರೋಗಿಯು ಜೀವನಪರ್ಯಂತ ಕೊಳ್ಳುತ್ತಾನೆ. ಪ್ರತಿಜೈವಿಕವನ್ನು ಕೊಳ್ಳುವುದು ಕೆಲವು ದಿನ ಮಾತ್ರ. ಅದರಲ್ಲಿಯೂ ಹೊಸ ಪ್ರತಿಜೈವಿಕವನ್ನು ವೈದ್ಯರು ಕಡೆಯ ಅಸ್ತ್ರವೆಂದು ತೆಗೆದಿಡಬೇಕಾಗುತ್ತದೆ. ಹೀಗೆ, ಎಷ್ಟು ಕಡಿಮೆ ಬಳಸಿದರೆ ಅಷ್ಟು ಕಾಲ ಬಾಳುವ ಸರಕನ್ನು, ಎಷ್ಟು ಹೆಚ್ಚು ಮಾರಿದರೆ ಅಷ್ಟು ಲಾಭ ಪಡೆಯುವ ವರ್ತಕನ ಕೈಗೆ ಒಪ್ಪಿಸಿದಂತಾಗಿದೆ. ಇದರ ಫಲ ಕಣ್ಣ ಮುಂದಿದೆ. ಅಮೆರಿಕದ ಅಕಾವೊಜೆನ್ ಎಂಬ ಕಂಪನಿಯ ಹೊಸ ಪ್ರತಿಜೈವಿಕಕ್ಕೆ 2018ರಲ್ಲಿ ಸರ್ಕಾರದ ಒಪ್ಪಿಗೆ ದೊರೆಯಿತು. 2019ರಲ್ಲಿ ಆ ಕಂಪನಿ ದಿವಾಳಿಯಾಯಿತು. ಔಷಧ ಸೋಲಲಿಲ್ಲ, ಮಾರುಕಟ್ಟೆ ಸೋತಿತು.

ಆದುದರಿಂದ ಹಗೇವನ್ನು ತುಂಬುವ ಖರ್ಚನ್ನು ಸಮಾಜವೇ ಹೊರಬೇಕು. ಇದು ಹೊಸ ವಿಚಾರವೇನೂ ಅಲ್ಲ. ಸ್ವತಂತ್ರ ಭಾರತವು ಬಡತನದ ದಿನಗಳಲ್ಲಿಯೇ, 1954ರಲ್ಲಿ, ಪುಣೆಯ ಬಳಿಯ ಪಿಂಪ್ರಿಯಲ್ಲಿ ಹಿಂದೂಸ್ತಾನ್ ಆಂಟಿಬಯಾಟಿಕ್ಸ್ ಸಂಸ್ಥೆಯನ್ನು ಸ್ಥಾಪಿಸಿ ಪೆನಿಸಿಲಿನ್ ತಯಾರಿಕೆಗೆ ಕೈಹಾಕಿತು. ಇಂಗ್ಲೆಂಡಿನಲ್ಲಿ 2022ರಿಂದ ಎರಡು ಪ್ರತಿಜೈವಿಕಗಳಿಗೆ, ಅವು ಎಷ್ಟೇ ಖರ್ಚಾಗಲಿ, ವರ್ಷಕ್ಕೆ ಇಂತಿಷ್ಟೆಂದು ಗೊತ್ತಾದ ಹಣ ಕೊಡುವ ಪದ್ಧತಿಯನ್ನು ಆರಂಭಿಸಲಾಯಿತು. ಊರಿನ ಕಾವಲುಗಾರನಿಗೆ, ಹಿಡಿದ ಕಳ್ಳರನ್ನು ಎಣಿಸಿ ಕೂಲಿ ಕೊಡುವುದಿಲ್ಲ. ಕಾವಲಿಗೆ ಸಂಬಳ ಕೊಡಲಾಗುತ್ತದೆ. ಔಷಧಕ್ಕೂ ಇದೇ ನ್ಯಾಯ ಸಲ್ಲಬೇಕು.

ಇಲ್ಲಿ ಒಂದು ಆಕ್ಷೇಪಣೆ ಏಳಬಹುದು. ಔಷಧವೇ ಸಕಾಲಕ್ಕೆ ದೊರೆಯದ ಬಡವರಿರುವ ನಾಡಿನಲ್ಲಿ ಮಿತಬಳಕೆಯ ಉಪದೇಶ ಸರಿಯೆ? ಈ ಆಕ್ಷೇಪಣೆಯಲ್ಲಿ ತಿರುಳಿದೆ. ಒಂದು ದಿನದ ಮಗ್ಗ ನಿಂತರೆ ಒಂದು ದಿನದ ಕೂಲಿ ಹೋಗುವ ನೇಕಾರನು ತಾಲ್ಲೂಕಿನ ಆಸ್ಪತ್ರೆಗೆ ಹೋಗುವ ಬದಲು ಅಂಗಡಿಯಲ್ಲಿ ಎರಡು ಗುಳಿಗೆ ಕೊಂಡು ನುಂಗಿದರೆ, ತಪ್ಪೆಲ್ಲವೂ ಅವನದೇ ಎನ್ನಲಾಗದು. ಪ್ರತಿಜೈವಿಕವು ಸರಿಯಾದವರಿಗೆ ಸರಿಯಾದ ಹೊತ್ತಿನಲ್ಲಿ ದೊರೆತರೆ ಏನಾಗಬಲ್ಲದೆಂಬುದಕ್ಕೆ ಬೆಳಗಾವಿಯೇ ಸಾಕ್ಷಿ. ಹೆರಿಗೆಯ ಸಮಯದಲ್ಲಿ ಅಜಿತ್ರೊಮೈಸಿನ್ ಔಷಧವನ್ನು ಒಂದೇ ಸಲ ಕೊಡುವ ಪ್ರಯೋಗವು ಏಳು ದೇಶಗಳಲ್ಲಿ 29 ಸಾವಿರಕ್ಕೂ ಹೆಚ್ಚು ತಾಯಂದಿರ ನೆರವಿನಿಂದ ನಡೆಯಿತು. ಬೆಳಗಾವಿಯೂ ಅದರ ಒಂದು ಕೇಂದ್ರವಾಗಿತ್ತು. ರಕ್ತ ನಂಜೇರಿದ ಅಥವಾ ಮರಣ ಹೊಂದಿದ ತಾಯಂದಿರ ಪ್ರಮಾಣವು ನೂರಕ್ಕೆ 2.4ರಿಂದ 1.6ಕ್ಕೆ ಇಳಿಯಿತೆಂದು 2023ರಲ್ಲಿ ಪ್ರಕಟವಾದ ಫಲಿತಾಂಶ ತಿಳಿಸಿತು. ಹಗೇವು ಇರುವುದು ಹಸಿದವನಿಗಾಗಿಯೇ. ಹಸಿದವನಿಗೆ ಕೊಡುವುದು ಬೇರೆ, ಜಾತ್ರೆಯಲ್ಲಿ ತೂರುವುದು ಬೇರೆ. ವೈರಸ್ಸಿನಿಂದ ಬರುವ ನೆಗಡಿಗೆ ಪ್ರತಿಜೈವಿಕ ನುಂಗುವುದು, ಒಬ್ಬರಿಗೆ ಬರೆದ ಔಷಧವನ್ನು ಇನ್ನೊಬ್ಬರು ಸೇವಿಸುವುದು, ಕೋಳಿಗಳು ಬೇಗ ಕೊಬ್ಬಲೆಂದು ಅವುಗಳ ಮೇವಿಗೆ ಔಷಧ ಬೆರೆಸುವುದು, ಇವೆಲ್ಲವೂ ತೂರುವ ಕೆಲಸಗಳೇ. ಕಡೆಯ ಅಸ್ತ್ರಗಳಲ್ಲೊಂದಾದ ಕೊಲಿಸ್ಟಿನ್ ಔಷಧವನ್ನು ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗೆ ಬಳಸಬಾರದೆಂದು ಭಾರತ ಸರ್ಕಾರವು 2019ರಲ್ಲಿ ನಿಷೇಧಿಸಿದ್ದು ಈ ಕಾರಣದಿಂದಲೇ.

ಹೀಗೆ ಇಲ್ಲಿ ಎರಡು ಹೊಣೆಗಳಿವೆ. ವಿಜ್ಞಾನಿಯು ಹೊಸ ಔಷಧವನ್ನು ರೂಪಿಸಬೇಕು, ಸರ್ಕಾರವು ಅವನ ಬೆನ್ನಿಗೆ ನಿಲ್ಲಬೇಕು. ಇದು ತುಂಬುವ ಹೊಣೆ. ವೈದ್ಯನು ಅಗತ್ಯವಿದ್ದಾಗ ಮಾತ್ರ ಔಷಧ ಬರೆಯಬೇಕು, ವರ್ತಕನು ಚೀಟಿಯಿಲ್ಲದೆ ಮಾರಬಾರದು, ರೋಗಿಯು ವೈದ್ಯನು ಹೇಳಿದಷ್ಟನ್ನು ಹೇಳಿದಷ್ಟು ದಿನ ಸೇವಿಸಬೇಕು. ಇದು ಕಾಯುವ ಹೊಣೆ. ತುಂಬದೆ ಕಾಯುವುದರಲ್ಲಿ ಅರ್ಥವಿಲ್ಲ. ಕಾಯದೆ ತುಂಬಿದರೆ ಎಷ್ಟು ತುಂಬಿದರೂ ಸಾಲದು. ಹಗೇವಿನ ಬಾಯಿಗೆ ಮಣ್ಣು ಮೆತ್ತಿದ ರೈತನು ತಾನು ಕಾಣದ ವರ್ಷವೊಂದನ್ನು ನೆನೆದು ಆ ಕೆಲಸ ಮಾಡುತ್ತಿದ್ದನು. ಇನ್ನೂ ಹುಟ್ಟದ ಮಕ್ಕಳ ಜ್ವರವನ್ನು ನೆನೆದು ಇಂದಿನ ಸಮಾಜವೂ ಅಷ್ಟೇ ಎಚ್ಚರದಿಂದ ನಡೆಯಬೇಕಾಗಿದೆ.