ಸೆರಗು ತಿರುವಿ ನೋಡಿ

ಹುಬ್ಬಳ್ಳಿ-ಧಾರವಾಡದ ಅಂಗಡಿಗಳಲ್ಲಿ ಈಗ ಕಸೂತಿ ಹೆಸರಿನಲ್ಲಿ ಮೂರು ಬಗೆಯ ಸೀರೆಗಳು ಸಿಗುತ್ತವೆ. ಒಂದು ಕೈಹೊಲಿಗೆಯದು, ಇನ್ನೊಂದು ಕಂಪ್ಯೂಟರ್ ಯಂತ್ರದ್ದು, ಮತ್ತೊಂದರಲ್ಲಿ ಬರೀ ಅಚ್ಚು. ದೂರದಿಂದ ನೋಡಿದರೆ ಮೂರೂ ಒಂದೇ.

ಹತ್ತಿರ ಹೋದರೆ ಕಥೆ ಬೇರೆ. ನಿಜವಾದ ಕಸೂತಿಗೆ ಬಟ್ಟೆಯ ಮೇಲೆ ನಕ್ಷೆ ಬರೆಯುವುದಿಲ್ಲ. ಇಳಕಲ್ ಸೀರೆಯ ಎಳೆಗಳನ್ನು ಎಣಿಸುತ್ತಲೇ ಗೋಪುರ, ತೇರು, ಆನೆ, ತುಳಸಿಕಟ್ಟೆ ಮೂಡಬೇಕು. ಗಂಟು ಹಾಕುವಂತಿಲ್ಲ. ಗಾವಂತಿ, ಮುರ್ಗಿ ಹೊಲಿಗೆಗಳಲ್ಲಿ ಸೂಜಿ ಹೋದ ದಾರಿಯಲ್ಲೇ ಮರಳಿ ಬಂದು ಬಿಟ್ಟ ಜಾಗ ತುಂಬುತ್ತದೆ. ಹಾಗಾಗಿ ಎರಡೂ ಬದಿ ಒಂದೇ ರೂಪ. ನೇಗಿ, ಮೆಂತೆ ಹೊಲಿಗೆಗಳಿಗೆ ಈ ಗುಣವಿಲ್ಲ. ಯಾವ ಹೊಲಿಗೆಯಾದರೂ, ಒಂದು ಎಳೆ ತಪ್ಪಿದರೂ ಇಡೀ ಗೋಪುರ ವಾಲುತ್ತದೆ.

ಯಂತ್ರದ ಪ್ರತಿಗಳ ಮುಂದೆ ಮೂಲಕೃತಿಯ ಪ್ರಭೆ ಮಂಕಾಗುತ್ತದೆ ಎಂದು ಜರ್ಮನ್ ಚಿಂತಕ ವಾಲ್ಟರ್ ಬೆನ್ಯಾಮಿನ್ 1936ರಲ್ಲಿ ಪ್ರಕಟವಾದ ಪ್ರಬಂಧದಲ್ಲಿ ಬರೆದರು. ಕಸೂತಿಗೆ ಆ ಮಾತು ಪೂರ್ತಿ ಒಗ್ಗದು. ಇಲ್ಲಿ ಏಕೈಕ ಮೂಲವೆಂಬುದೇ ಇಲ್ಲ. ತಾಯಿಯ ತೇರನ್ನು ಮಗಳು ನಕಲು ಮಾಡಿಯೇ ಕಲೆ ಉಳಿದಿದೆ. ಇದರ ಬೆಲೆ ಇರುವುದು ಎಣಿಸುವ ಕಣ್ಣಿನಲ್ಲಿ, ವಾರಗಟ್ಟಲೆಯ ದುಡಿಮೆಯಲ್ಲಿ.

ಯಂತ್ರದ ಸೀರೆ ಉಡುವುದು ತಪ್ಪಲ್ಲ, ಎಲ್ಲರ ಜೇಬಿಗೂ ಕೈಹೊಲಿಗೆ ಎಟುಕದು. ಅದನ್ನು ಕೈಕೆಲಸವೆಂದು ಮಾರುವುದು ಮಾತ್ರ ಮೋಸ, ಹೊಲಿಯುವ ಹೆಣ್ಣುಮಗಳ ಕೂಲಿಗೇ ಬೀಳುವ ಕತ್ತರಿ. ಕಸೂತಿಗೆ ಭೌಗೋಳಿಕ ಸೂಚಕ (ಜಿಐ) ಮಾನ್ಯತೆ ಇದೆ. ಆದರೆ ಕಾಗದವೊಂದೇ ಕಾಯದು. ಅಂಗಡಿಯವರು ಯಂತ್ರದ್ದನ್ನು ಯಂತ್ರದ್ದೆಂದೇ ಚೀಟಿ ಅಂಟಿಸಿ ಮಾರಲಿ. ಕೊಳ್ಳುವವರು ಸೆರಗು ತಿರುವಿ ನೋಡಲಿ, ಹೊಲಿದವರು ಯಾರೆಂದು ಕೇಳಲಿ.