ಕಡಲ ರಕ್ಷಣೆ: ಯುವ ವಿಭಾಗಕ್ಕೆ ಬೇಕು ವರ್ಷವಿಡೀ ಹೊಣೆ

ಪ್ರತಿವರ್ಷ ಸೆಪ್ಟೆಂಬರ್ ತಿಂಗಳ ಮೂರನೇ ಶನಿವಾರವನ್ನು ಅಂತಾರಾಷ್ಟ್ರೀಯ ಕಡಲತೀರ ಸ್ವಚ್ಛತಾ ದಿನವನ್ನಾಗಿ ಆಚರಿಸಲಾಗುತ್ತದೆ. 1986ರಲ್ಲಿ ಅಮೆರಿಕದ ಟೆಕ್ಸಾಸ್ ತೀರದಲ್ಲಿ ಆರಂಭಗೊಂಡ ಈ ಕಾರ್ಯ ಇಂದು ಹಲವು ದೇಶಗಳಿಗೆ ವ್ಯಾಪಿಸಿದೆ. ಮುಂಬಯಿಯ ಜುಹೂ, ದಾದರ್, ಗಿರ್ಗಾಂವ್ ಚೌಪಾಟಿಗಳಲ್ಲೂ ಗಣೇಶ ವಿಸರ್ಜನೆಯ ಮರುದಿನ ಸ್ವಯಂಸೇವಕರ ತಂಡಗಳು ಕಾಣಸಿಗುತ್ತವೆ. ಅವರ ಶ್ರಮ ಶ್ಲಾಘನೀಯವೇ. ಆದರೆ ಬ್ಯಾನರ್ ಹಿಡಿದು ಛಾಯಾಚಿತ್ರ ತೆಗೆಸಿಕೊಂಡು, ಉಪಾಹಾರ ಮುಗಿಸಿ ಹಿಂತಿರುಗಿದವರಲ್ಲಿ ಹೆಚ್ಚಿನವರು ಮತ್ತೆ ಆ ಮರಳನ್ನು ತುಳಿಯುವುದು ಮುಂದಿನ ವರ್ಷವೇ. ಒಂದು ದಿನದ ಶ್ರಮದಾನದಿಂದ ಕಡಲೂ ಶುಚಿಯಾಗದು, ಯುವಜನರ ಮನಸ್ಸೂ ಕಡಲಿನತ್ತ ಹೊರಳದು.

ನಿರಂತರ ದುಡಿಮೆ ಏನನ್ನು ಸಾಧಿಸಬಲ್ಲದು ಎಂಬುದಕ್ಕೆ ವರ್ಸೋವಾ ತೀರವೇ ಸಾಕ್ಷಿ. 2015ರ ಅಕ್ಟೋಬರ್‌ನಲ್ಲಿ ವಕೀಲ ಅಫ್ರೋಜ್ ಶಾ ತಮ್ಮ ನೆರೆಮನೆಯ ಹಿರಿಯರೊಬ್ಬರೊಂದಿಗೆ ಅಲ್ಲಿ ಕಸ ಹೆಕ್ಕಲು ಆರಂಭಿಸಿದಾಗ ಇದ್ದವರು ಇಬ್ಬರೇ. ಅಂದು ಆ ತೀರದಲ್ಲಿ ಮರಳು ಕಾಣದಷ್ಟು ಪ್ಲಾಸ್ಟಿಕ್ ರಾಶಿ ಬಿದ್ದಿತ್ತು. ಅವರು ವಾರ ವಾರವೂ ಬಂದರು. ಮೀನುಗಾರರು, ವಿದ್ಯಾರ್ಥಿಗಳು, ಗೃಹಿಣಿಯರು ಒಬ್ಬೊಬ್ಬರಾಗಿ ಕೈಜೋಡಿಸಿದರು. 2016ರಲ್ಲಿ ವಿಶ್ವಸಂಸ್ಥೆಯ ಪರಿಸರ ಪ್ರಶಸ್ತಿ ಅವರನ್ನು ಅರಸಿ ಬಂತು. 2018ರ ಮಾರ್ಚ್‌ನಲ್ಲಿ ಅದಕ್ಕಿಂತ ದೊಡ್ಡ ಪುರಸ್ಕಾರವೇ ದೊರೆಯಿತು. ಹಲವು ವರ್ಷಗಳ ಬಳಿಕ ಆಲಿವ್ ರಿಡ್ಲೆ ಕಡಲಾಮೆಯ ಮರಿಗಳು ಅದೇ ಮರಳಿನಿಂದ ಹೊರಬಂದು ಸಮುದ್ರ ಸೇರಿದವು.

ಜನರ ಮನ ಮುಟ್ಟಲು ಜನರ ಭಾಷೆಯೇ ಬೇಕು ಎಂಬುದನ್ನು ಗುಜರಾತ್ ತೋರಿಸಿಕೊಟ್ಟಿದೆ. ಅಲ್ಲಿನ ಸೌರಾಷ್ಟ್ರ ಕರಾವಳಿಯಲ್ಲಿ ಬೃಹತ್ ತಿಮಿಂಗಿಲ ಶಾರ್ಕ್‌ಗಳನ್ನು ಎಣ್ಣೆ ಮತ್ತು ಮಾಂಸಕ್ಕಾಗಿ ಬೇಟೆಯಾಡಲಾಗುತ್ತಿತ್ತು. 2001ರಲ್ಲಿ ಈ ಮೀನಿಗೆ ಕಾನೂನಿನ ರಕ್ಷಣೆ ದೊರೆಯಿತಾದರೂ ಕಾನೂನು ಬಲೆಯ ತನಕ ತಲುಪಿರಲಿಲ್ಲ. 2004ರಲ್ಲಿ ಆರಂಭವಾದ ಅಭಿಯಾನಕ್ಕೆ ರಾಮಕಥಾ ಪ್ರವಚನಕಾರ ಮೊರಾರಿ ಬಾಪು ಧ್ವನಿಯಾದರು. ಈ ಮೀನನ್ನು ಹೆರಿಗೆಗೆ ತವರಿಗೆ ಬರುವ ಮಗಳಿಗೆ ಹೋಲಿಸಲಾಯಿತು. 'ವ್ಹಾಲಿ', ಅಂದರೆ ಅಕ್ಕರೆಯವಳು ಎಂದು ಹೆಸರಿಡಲಾಯಿತು. ಮನೆಗೆ ಬಂದ ಮಗಳನ್ನು ಕೊಲ್ಲುವವರುಂಟೇ? ಅಂದಿನಿಂದ ಅನೇಕ ಮೀನುಗಾರರು ತಮ್ಮ ಬಲೆಯನ್ನೇ ಕತ್ತರಿಸಿ ಶಾರ್ಕ್‌ಗಳನ್ನು ಕಡಲಿಗೆ ಮರಳಿಸಿದ್ದಾರೆ. ಹರಿದ ಬಲೆಗೆ ಪರಿಹಾರ ನೀಡುವ ವ್ಯವಸ್ಥೆಯೂ ಜತೆಗಿತ್ತು ಎಂಬುದು ಗಮನಾರ್ಹ.

ಕರಾವಳಿಯಿಂದ ಬಂದು ಈ ಮಹಾನಗರದಲ್ಲಿ ನೆಲೆಸಿದ ತುಳು-ಕನ್ನಡಿಗರಿಗೆ ಇಂತಹ ಭಾಷೆಯನ್ನು ಹೊಸದಾಗಿ ಕಲಿಯಬೇಕಾಗಿಲ್ಲ. ಶ್ರಾವಣ ಹುಣ್ಣಿಮೆಯಂದು ಊರಿನ ಮೊಗವೀರರು ಸಮುದ್ರಪೂಜೆ ನೆರವೇರಿಸಿದರೆ, ಇಲ್ಲಿನ ಕೋಳಿ ಸಮುದಾಯ ನಾರಳೀ ಪೂರ್ಣಿಮೆಯಂದು ಕಡಲಿಗೆ ತೆಂಗಿನಕಾಯಿ ಅರ್ಪಿಸುತ್ತದೆ. ಜನ್ಮಭೂಮಿ, ಕರ್ಮಭೂಮಿ ಎರಡಕ್ಕೂ ಅರಬ್ಬೀ ಸಮುದ್ರವೊಂದೇ. ಆದರೆ ಇಲ್ಲಿ ಹುಟ್ಟಿ ಬೆಳೆದ ಮೂರನೇ ತಲೆಮಾರಿಗೆ ಬಂಗುಡೆ, ಬೂತಾಯಿ, ಅಂಜಲ್ ಎಂಬ ಹೆಸರುಗಳು ಊಟದ ತಟ್ಟೆಯಲ್ಲಷ್ಟೇ ಪರಿಚಯ. ಗಾಳಿ, ಇಳಿತ, ಮೀನಿನ ಋತು ಬಲ್ಲ ಹಿರಿಯರು ಸಂಘಗಳಲ್ಲಿ ಇನ್ನೂ ಇದ್ದಾರೆ. ಅವರನ್ನು ಶಾಲು ಹೊದಿಸಿ ಸನ್ಮಾನಿಸಿದರೆ ಸಾಲದು. ಯುವಕರೆದುರು ಅವರ ಬಾಯಿ ಬಿಡಿಸಬೇಕು. 'ಮರೀನ್ ಲೈಫ್ ಆಫ್ ಮುಂಬೈ' ಎಂಬ ನಾಗರಿಕರ ಬಳಗ 2017ರಿಂದ ಇಳಿತದ ಹೊತ್ತಿನಲ್ಲಿ ಸಾರ್ವಜನಿಕರನ್ನು ತೀರಕ್ಕೆ ಕರೆದೊಯ್ದು, ನಗರದ ಬಂಡೆಗಳ ನಡುವೆಯೇ ಬದುಕಿರುವ ಏಡಿ, ಆಕ್ಟೋಪಸ್, ಹವಳಗಳನ್ನು ತೋರಿಸುತ್ತಾ ಬಂದಿದೆ. ಕಣ್ಣಾರೆ ಕಂಡದ್ದನ್ನು ಉಳಿಸಿಕೊಳ್ಳಲು ಭಾಷಣ ಬೇಕಾಗುವುದಿಲ್ಲ.

ಕಡಲಿನ ಕಷ್ಟ ಅಡುಗೆಮನೆಗೂ ಬಂದಿದೆ. ಕೇರಳದಲ್ಲಿ 2012ರಲ್ಲಿ ಸುಮಾರು 3.9 ಲಕ್ಷ ಟನ್ ದೊರೆತಿದ್ದ ಬೂತಾಯಿ, 2021ರಲ್ಲಿ ಸುಮಾರು 3,300 ಟನ್‌ಗೆ ಕುಸಿದಿತ್ತು. ಸಮುದ್ರದ ಬದಲಾದ ಹವಾಮಾನದ ಜತೆಗೆ, ಒಮ್ಮೆಯೂ ಮೊಟ್ಟೆಯಿಡದ ಮರಿಗಳನ್ನೇ ಬಾಚಿಕೊಂಡದ್ದೂ ಮೀನಿನ ಸಂತತಿಗೆ ಪೆಟ್ಟು ಕೊಟ್ಟಿದೆ. ಮಹಾರಾಷ್ಟ್ರ ಸರಕಾರ 2023ರಲ್ಲಿ 54 ಜಾತಿಯ ಮೀನುಗಳಿಗೆ ಹಿಡಿಯಬಹುದಾದ ಕನಿಷ್ಠ ಗಾತ್ರವನ್ನು ನಿಗದಿಪಡಿಸಿತು. ಈ ನಿಯಮ ಮೀನುಗಾರರಿಗೆ ಮಾತ್ರ ಎಂದು ಕೊಳ್ಳುವವರು ಕೈತೊಳೆದುಕೊಳ್ಳುವಂತಿಲ್ಲ. ಮರಿಮೀನನ್ನು ಕೇಳುವವರಿಲ್ಲದಿದ್ದರೆ ಹಿಡಿಯುವವರೂ ಕಡಿಮೆಯಾಗುತ್ತಾರೆ. ಮೀನೂಟದ ಹೋಟೆಲುಗಳನ್ನು ನಡೆಸುವ ತುಳು-ಕನ್ನಡಿಗ ಉದ್ಯಮಿಗಳು ಈ ವಿಷಯದಲ್ಲಿ ದಾರಿ ತೋರಿಸಬಲ್ಲರು.

ಪ್ಲಾಸ್ಟಿಕ್ ವಿಷಯದಲ್ಲಂತೂ ಆತ್ಮಾವಲೋಕನ ಸಂಘಗಳ ಸಭಾಗೃಹದಿಂದಲೇ ಆರಂಭವಾಗಬೇಕು. ಥರ್ಮೋಕೋಲ್ ಅಲಂಕಾರ, ಪ್ಲಾಸ್ಟಿಕ್ ತಟ್ಟೆ-ಲೋಟ-ಚಮಚ, 100 ಮೈಕ್ರಾನ್‌ಗಿಂತ ತೆಳುವಾದ ಪಿವಿಸಿ ಬ್ಯಾನರ್ ಇವೆಲ್ಲ 2022ರ ಜುಲೈ 1ರಿಂದ ದೇಶದಾದ್ಯಂತ ನಿಷೇಧಿತ. ವೇದಿಕೆಯಲ್ಲಿ ಪರಿಸರ ಗೀತೆ ಹಾಡಿಸಿ, ಹಿಂಬದಿಯಲ್ಲಿ ಅದೇ ತಟ್ಟೆಗಳ ರಾಶಿ ಹಾಕಿದರೆ ಮಕ್ಕಳು ಗೀತೆಯಿಂದಲ್ಲ, ರಾಶಿಯಿಂದ ಕಲಿಯುತ್ತಾರೆ. ಪೊವಾಯಿಯಲ್ಲಿ ಚರಂಡಿ ಸೇರಿದ ಚೀಲ ಮೀಠಿ ನದಿಯ ಮೂಲಕ ಮಾಹಿಮ್ ಕೊಲ್ಲಿ ತಲುಪಬಲ್ಲದು. ಇಂತಹ ಕಸ ಚರಂಡಿಯಲ್ಲೇ ಸಿಕ್ಕಿಕೊಂಡರೆ ಏನಾಗುತ್ತದೆ ಎಂಬುದನ್ನು 2005ರ ಜುಲೈ 26ರ ಮಹಾಮಳೆಯಲ್ಲಿ ಸಿಲುಕಿದ ಮುಂಬಯಿಗರಿಗೆ ವಿವರಿಸಬೇಕಾಗಿಲ್ಲ.

ಯುವಕರು ಸಂಘಕ್ಕೆ ಬರುತ್ತಿಲ್ಲ ಎಂಬ ಕೊರಗು ಮಹಾಸಭೆಗಳಲ್ಲಿ ಆಗಾಗ ಕೇಳಿಬರುತ್ತದೆ. ಕುರ್ಚಿ ಜೋಡಿಸಲು, ಅತಿಥಿಗಳಿಗೆ ಹೂಗುಚ್ಛ ನೀಡಲು ಮಾತ್ರ ಕರೆದರೆ ಅವರೇಕೆ ಬಂದಾರು? ಪ್ರತಿಯೊಂದು ಸಂಘವೂ ತನ್ನ ಯುವ ವಿಭಾಗಕ್ಕೆ ಸಮೀಪದ ಒಂದು ತೀರವನ್ನೋ ಖಾರಿಯ ದಡವನ್ನೋ ವಹಿಸಿಕೊಡಲಿ. ತಿಂಗಳಿಗೊಂದು ಭಾನುವಾರ ನಿಗದಿಯಾಗಲಿ. ಖರ್ಚಿಗೆ ಹಣವೂ ನಿರ್ಧರಿಸುವ ಅಧಿಕಾರವೂ ಅವರ ಕೈಗೆ ಸಿಗಲಿ. ಏನು ಹೆಕ್ಕಿದರು, ಯಾವ ಜೀವಿಯನ್ನು ಕಂಡರು, ಸಂಘದ ಸಮಾರಂಭಗಳಲ್ಲಿ ಎಷ್ಟು ಪ್ಲಾಸ್ಟಿಕ್ ಕಡಿಮೆಯಾಯಿತು ಎಂಬ ಲೆಕ್ಕವನ್ನು ವಾರ್ಷಿಕ ಮಹಾಸಭೆಯಲ್ಲಿ ಅವರೇ ಮಂಡಿಸಲಿ, ಹಿರಿಯರು ಕುಳಿತು ಕೇಳಲಿ. ವರ್ಸೋವಾದಲ್ಲಿ ಕೆಲಸ ಆರಂಭಿಸಲು ಇಬ್ಬರು ಸಾಕಾಗಿದ್ದರು. ಮಹಾನಗರದ ಯಾವ ಕನ್ನಡ ಸಂಘದಲ್ಲೂ ಅಷ್ಟು ಜನರಿಗೆ ಕೊರತೆಯಿಲ್ಲ.