ಬಲ್ಮಠದ ಗುಡ್ಡದ ಸಭೆ

1834ನೆಯ ಇಸವಿ ಅಕ್ಟೋಬರ್ ತಿಂಗಳ 30ರಂದು ಮೂವರು ಪರದೇಶೀಯರು ಮಂಗಳೂರನ್ನು ಸೇರಿದರು. ಸಾಮುವೆಲ್ ಹೆಬಿಕ್, ಲೇನರ್, ಗ್ರೈನರ್ ಎಂಬುವು ಅವರ ಹೆಸರುಗಳು. ಸ್ವಿಟ್ಜರ್ಲೆಂಡಿನ ಬಾಸೆಲ್ ಪಟ್ಟಣದ ಮಿಶನ್ ಸಂಸ್ಥೆ ಅವರನ್ನು ಕಳುಹಿಸಿತ್ತು. ಈಸ್ಟ್ ಇಂಡಿಯಾ ಕಂಪೆನಿಯ ಸನ್ನದನ್ನು 1833ರಲ್ಲಿ ನವೀಕರಿಸಿದಾಗ ಆಂಗ್ಲರಲ್ಲದ ಮಿಶನರಿಗಳಿಗೂ ಈ ದೇಶದ ಬಾಗಿಲು ತೆರೆದಿತ್ತು. ಮೂವರಿಗೂ ಊರು ಹೊಸದು, ಹವೆ ಹೊಸದು, ಭಾಷೆಯಂತೂ ಒಂದಲ್ಲ, ಮೂರು: ಕಚೇರಿಯಲ್ಲಿ ಕನ್ನಡ, ಬೀದಿಯಲ್ಲಿ ತುಳು, ಅಂಗಡಿಯಲ್ಲಿ ಕೊಂಕಣಿ.

ಮಂಗಳೂರಿಗೆ ಕ್ರೈಸ್ತರು ಮಾತ್ರ ಹೊಸಬರಾಗಿರಲಿಲ್ಲ. ಕೊಂಕಣಿಯಾಡುವ ರೋಮನ್ ಕೆಥೋಲಿಕರು ತಲೆಮಾರುಗಳಿಂದ ಅಲ್ಲಿ ನೆಲಸಿ, ಟಿಪ್ಪುವಿನ ಕಾಲದ ಸೆರೆವಾಸವನ್ನು ಅನುಭವಿಸಿ, ಹಿಂದಿರುಗಿ ಮತ್ತೆ ಮನೆಮಠ ಮಾಡಿಕೊಂಡಿದ್ದರು. ಪ್ರಾಟೆಸ್ಟಂಟ್ ಸಭೆ ಬೆಳೆದುದು ಅವರಿಂದಲ್ಲ. ಅದಕ್ಕೆ ಸೇರಿದವರಲ್ಲಿ ಹೆಚ್ಚಿನವರು ತುಳುವರು. ಅವರೊಳಗೂ ಬಿಲ್ಲವರು ಬಹಳ. ಆದ್ದರಿಂದಲೇ ಗ್ರೈನರ್ ತುಳುವನ್ನು ಹಿಡಿದು ಕಲಿತು ಬೈಬಲಿನ ಹೊಸ ಒಡಂಬಡಿಕೆಯನ್ನು ಆ ಭಾಷೆಗೆ ತಂದನು. 1847ರ ಹೊತ್ತಿಗೆ ಅದು ಕನ್ನಡ ಲಿಪಿಯಲ್ಲಿ ಅಚ್ಚಾಯಿತು. ಅದುವರೆಗೆ ಪಾಡ್ದನಗಳಲ್ಲಿ ಬಾಯಿಂದ ಬಾಯಿಗೆ ಹರಿದು ಬಂದಿದ್ದ ಭಾಷೆ ಪುಸ್ತಕದ ಹಾಳೆಗೆ ಇಳಿದದ್ದು ಹೀಗೆ.

ಜಿಲ್ಲೆಯ ಕಲೆಕ್ಟರನಾಗಿದ್ದ ಬ್ಲೇರ್ ಸಾಹೇಬನು 1840ರಲ್ಲಿ ಬಲ್ಮಠದ ಗುಡ್ಡದ ಜಮೀನನ್ನು ಮಿಶನಿಗೆ ಕೊಟ್ಟನು. ಸಭೆಯ ಚರಿತ್ರೆಯೆಲ್ಲ ಈ ಗುಡ್ಡದ ಸುತ್ತಲೇ ಹೆಣೆದುಕೊಂಡಿದೆ. ಮರುವರ್ಷವೇ ಕಲ್ಲಚ್ಚಿನ ಮುದ್ರಣಾಲಯ ಬಂದಿತು. 1843ರ ಜುಲೈ 1ರಂದು ಹರ್ಮನ್ ಮೋಗ್ಲಿಂಗ್ ಹೊರಡಿಸಿದ ‘ಮಂಗಳೂರ ಸಮಾಚಾರ’ ಕನ್ನಡದ ಮೊದಲ ವೃತ್ತಪತ್ರಿಕೆಯೆಂಬುದನ್ನು ಶಾಲೆಯ ಮಕ್ಕಳೂ ಬಲ್ಲರು. ಆದರೆ ಅದೇ ಮೋಗ್ಲಿಂಗನ ಮನೆಯಲ್ಲಿ ಆರೇ ತಿಂಗಳ ಬಳಿಕ ನಡೆದ ಸಂಗತಿಯನ್ನು ಬಲ್ಲವರು ಕಡಿಮೆ.

ಮಂಗಳೂರಿನ ಸಾರಸ್ವತ ಬ್ರಾಹ್ಮಣ ಕುಟುಂಬದ ಆನಂದರಾವ್ ಕೌಂಡಿನ್ಯ ಆಗ ಇನ್ನೂ ಇಪ್ಪತ್ತು ತುಂಬದ ಹುಡುಗ. ಇಂಗ್ಲಿಷ್ ಶಾಲೆಯಲ್ಲಿ ಓದುತ್ತಿದ್ದವನು. ಮದುವೆಯೂ ಆಗಿತ್ತು. 1844ರ ಜನವರಿ 6ರಂದು ಅವನು ಇಬ್ಬರು ಸ್ನೇಹಿತರೊಡನೆ ಸ್ನಾನದೀಕ್ಷೆಯನ್ನು ಪಡೆದನು. ಪೇಟೆಯಲ್ಲಿ ಕೋಲಾಹಲವೆದ್ದಿತು. ಮನೆತನದ ಗೌರವ, ಪಿತೃಗಳ ಶ್ರಾದ್ಧ, ನೆಂಟರಿಷ್ಟರ ಮುಖ ಎಲ್ಲವೂ ಒಂದೇ ದಿನದಲ್ಲಿ ಮುರಿದುಬಿದ್ದ ಆ ಕುಟುಂಬದ ದುಃಖವನ್ನು ಮಿಶನಿನ ವರದಿಗಳಲ್ಲಿ ಹುಡುಕಬಾರದು. ಅವು ಗೆದ್ದವರು ಬರೆದವು. ಹುಡುಗನ ನಷ್ಟವೂ ಸಣ್ಣದಲ್ಲ. ಹೆಂಡತಿ ಅವನೊಡನೆ ಬರಲಿಲ್ಲ. ಮತಾಂತರದಿಂದ ಪಿತ್ರಾರ್ಜಿತದ ಹಕ್ಕು ಹೋಗಕೂಡದೆಂಬ ಕಾನೂನು ಬಂದದ್ದು 1850ರಲ್ಲಿ. ಅವನು ಮನೆ ಬಿಟ್ಟಾಗ ಆ ಆಸರೆಯೂ ಇರಲಿಲ್ಲ. ಗುರುವಿನ ಹೆಸರನ್ನೇ ತನ್ನ ಹೆಸರಿಗೆ ಸೇರಿಸಿಕೊಂಡು ಹರ್ಮನ್ ಆನಂದರಾವ್ ಕೌಂಡಿನ್ಯನೆನಿಸಿದ ಅವನು 1846ರಲ್ಲಿ ಬಾಸೆಲಿಗೆ ಓದಲು ಹೋಗಿ, 1851ರಲ್ಲಿ ಬೋಧಕ ದೀಕ್ಷೆ ಪಡೆದು ಹಿಂದಿರುಗಿದನು. ಬಲ್ಮಠದ ದೈವಜ್ಞಾನ ಶಾಲೆಯಲ್ಲಿ ಪಾಠ ಹೇಳಿದನು. ಕೊನೆಗೆ, 1860ರಲ್ಲಿ, ಮೇರಿ ರೈನ್‌ಹಾರ್ಟ್ ಎಂಬ ಜರ್ಮನ್ ಕನ್ಯೆಯನ್ನು ವರಿಸಿದನು. ಆ ಕಾಲದಲ್ಲಿ ಇದಕ್ಕೆ ಎರಡೂ ಕಡೆಯಿಂದ ಎಷ್ಟು ಧೈರ್ಯ ಬೇಕಿತ್ತೆಂಬುದನ್ನು ಊಹಿಸುವುದು ಕಷ್ಟವಲ್ಲ.

ಕೌಂಡಿನ್ಯನಂಥವರು ವಿರಳ. ಸಾಮಾನ್ಯರ ಕಷ್ಟ ಬೇರೆಯದು. ಅದು ಹೊಟ್ಟೆಯ ಕಷ್ಟ. ಬಿಲ್ಲವನ ಕುಲಕಸಬು ತಾಳೆ ತೆಂಗುಗಳಿಂದ ಕಳ್ಳು ಇಳಿಸುವುದು. ಸಭೆಗೆ ಸೇರಿದವನು ಕಳ್ಳಿನ ವೃತ್ತಿಯನ್ನು ಬಿಡಬೇಕು. ಒಡೆಯನು ಗೇಣಿಯ ಭೂಮಿಯಿಂದ ಎಬ್ಬಿಸಿದರೆ ಇರಲು ಗುಡಿಸಲೂ ಇಲ್ಲ. ಹಾಡಿದ ಕೀರ್ತನೆಯಿಂದ ಗಂಜಿ ಬೇಯುವುದಿಲ್ಲವಲ್ಲ! ಮಿಶನಿನವರು ಬೇಸಾಯ ಮಾಡಿಸಿ ನೋಡಿದರು, ಗಡಿಯಾರದ ಕೆಲಸವನ್ನೂ ಕಲಿಸಿ ನೋಡಿದರು, ಫಲಿಸಲಿಲ್ಲ. ಕೈಹಿಡಿದುದು ಮಗ್ಗ. 1851ರಲ್ಲಿ ಬಂದ ಹಾಲರ್ ಎಂಬ ನೇಯ್ಗೆಯವನು ಆ ಕೆಲಸವನ್ನು ಗಟ್ಟಿಮಾಡಿದನು. ಖಾಕಿ ಬಣ್ಣ ಅವನ ಕಾರ್ಖಾನೆಯಲ್ಲೇ ಹುಟ್ಟಿತೆಂದು ಮಂಗಳೂರಿನವರು ಹೆಮ್ಮೆಯಿಂದ ಹೇಳುವುದುಂಟು. ಪೇಶಾವರದ ಕಡೆಯ ದಂಡಿನವರು ಅದಕ್ಕೆ ಮುಂಚೆಯೇ ಆ ಬಣ್ಣವನ್ನು ತೊಟ್ಟಿದ್ದರೆಂಬುದನ್ನೂ ಜತೆಗೆ ಹೇಳಬೇಕು.

ಅನಂತರ ಹಂಚು. ಮುದ್ರಣದ ಕೆಲಸಕ್ಕೆಂದು ಬಂದಿದ್ದ ಪ್ಲೆಬ್ಸ್ಟ್ ಎಂಬವನಿಗೆ ನೇತ್ರಾವತಿಯ ದಡದ ಜೇಡಿಮಣ್ಣು ಕಣ್ಣಿಗೆ ಬಿದ್ದಿತು. 1865ರಲ್ಲಿ ಜೆಪ್ಪುವಿನಲ್ಲಿ ಕಾರ್ಖಾನೆ ಆರಂಭವಾಯಿತು. ಮೊದಲಿಗೆ ಇಬ್ಬರು ಕೆಲಸಗಾರರು, ಮಣ್ಣು ಅರೆಯಲು ಒಂದು ಜೋಡಿ ಎತ್ತು, ದಿನಕ್ಕೆ ಸುಮಾರು 560 ಹಂಚು. ಮುಳಿಹುಲ್ಲಿನ ಮಾಡಿನಡಿಯಲ್ಲಿ ಪ್ರತಿ ಬೇಸಗೆಯೂ ಬೆಂಕಿಗೆ ಹೆದರಿ, ಪ್ರತಿ ಮಳೆಗಾಲವೂ ಸೋರಿಕೆಗೆ ಸೋತಿದ್ದ ಕರಾವಳಿಗೆ ಇದು ವರವಾಯಿತು.

ಈ ಏರ್ಪಾಡಿನಲ್ಲಿ ಒಂದು ತೊಡಕೂ ಇತ್ತು. ಉಪದೇಶ ಹೇಳುವವನೂ ಕೂಲಿ ಕೊಡುವವನೂ ಮನೆಯ ಜಾಗಕ್ಕೆ ಒಡೆಯನೂ ಒಬ್ಬನೇ ಆದಾಗ, ಸಭೆಯಲ್ಲಿ ಎದ್ದು ನಿಂತು ಎದುರಾಡುವವರು ಎಷ್ಟು ಮಂದಿ? ಹಳೆಯ ಗೇಣಿಯ ಒಡೆಯನ ಜಾಗದಲ್ಲಿ ಹೊಸ ಒಡೆಯನು ಬಂದನೆನ್ನುವ ಆಕ್ಷೇಪವನ್ನು ಪೂರ್ತಿಯಾಗಿ ತಳ್ಳಿಹಾಕಲಾಗದು. ಆದರೂ ಕಾರ್ಖಾನೆಯ ಕೂಲಿ ಕೈಗೆ ಕಾಸಾಗಿ ಬಂದಿತು. ಮಕ್ಕಳು, ಹೆಣ್ಣುಮಕ್ಕಳೂ ಸಹ, ಶಾಲೆಗೆ ಹೋದರು. ಮರ ಹತ್ತುತ್ತಿದ್ದವನ ಮೊಮ್ಮಗ ಮೊಳೆ ಜೋಡಿಸುವವನಾದನು, ಉಪಾಧ್ಯಾಯನಾದನು.

ಬಲ್ಮಠದ ಈಗಿನ ಶಾಂತಿ ದೇವಾಲಯ 1862ರದು. ಕೌಂಡಿನ್ಯ 1893ರಲ್ಲಿ ತೀರಿಕೊಂಡನು. ಕಿಟ್ಟೆಲ್ಲರ ನಿಘಂಟು ಮಿಶನಿನ ಅಚ್ಚುಕೂಟದಿಂದ ಹೊರಬಿದ್ದುದು ಅದರ ಮರುವರ್ಷ. 1914ರಲ್ಲಿ ಮಹಾಯುದ್ಧ ಹೊತ್ತಿದಾಗ ಜರ್ಮನ್ ಬೋಧಕರು ಶತ್ರುದೇಶದವರಾಗಿ ಬಂಧನಕ್ಕೊಳಗಾದರು. ಯುದ್ಧಾನಂತರ ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟಿನ ಪಾಲಾದವು. ಎಂಬತ್ತು ವರ್ಷ ಪರದೇಶದ ಬೋಧಕರ ಕೈಹಿಡಿದು ನಡೆದಿದ್ದ ಸಭೆಗೆ ತನ್ನ ಕಾಲ ಮೇಲೆ ನಿಲ್ಲುವುದು ಅನಿವಾರ್ಯವಾಯಿತು. 1947ರ ಸೆಪ್ಟೆಂಬರಿನಲ್ಲಿ ದಕ್ಷಿಣ ಭಾರತ ಸಭೆ ಸ್ಥಾಪನೆಯಾದಾಗ ದಕ್ಷಿಣ ಕನ್ನಡದ ಈ ಸಭೆಗಳು ಅದರಲ್ಲಿ ಸೇರಿಹೋದವು. ಕರಾವಳಿಯ ಹಳೆಯ ಮನೆಗಳ ಮಾಡಿನಿಂದ ಹಂಚೊಂದನ್ನು ಇಳಿಸಿ ಮಗುಚಿದರೆ ‘ಬಾಸೆಲ್ ಮಿಶನ್’ ಎಂಬ ಅಕ್ಷರಗಳೂ, 1865 ಎಂಬ ಇಸವಿಯೂ ಈಗಲೂ ಕಾಣಸಿಗುವುದುಂಟು.